ಕಚ್ಚಾ ತೈಲ ಇಳಿದರೂ ಪೆಟ್ರೋಲ್ ಯಾಕೆ ಇಳಿಯಲ್ಲ?

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ರೇಟಿನ ಬಗ್ಗೆ ಕೇಳೋದಕ್ಕೆ ಪೆಟ್ರೋಲ್ ಸುಟ್ಟುಕೊಂಡು ಜಯನಗರದವರೆಗೆ ಬಂದಿದ್ದೀರಿ. ಮೆಟ್ರೋದಲ್ಲಿ ಬಂದವರಿಗೆ ಸಿಟ್ಟು ಸ್ವಲ್ಪ ಕಡಿಮೆ ಇರಬಹುದು.

ಈ ವಿಷಯ ಬಂದಾಗಲೆಲ್ಲ ವಾಟ್ಸಾಪಿನಲ್ಲಿ ಒಂದು ಲೆಕ್ಕ ಓಡಾಡುತ್ತದೆ. 2014ರ ಜೂನ್‌ನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರೆಲ್‌ಗೆ 109 ಡಾಲರ್ ಇತ್ತು. ದೆಹಲಿಯಲ್ಲಿ ಪೆಟ್ರೋಲ್ 71 ರೂಪಾಯಿ ಚಿಲ್ಲರೆ. ಹತ್ತು ವರ್ಷದ ಮೇಲೆ, 2024ರ ಜೂನ್‌ನಲ್ಲಿ ಕಚ್ಚಾ ತೈಲ 82 ಡಾಲರಿಗೆ ಇಳಿದಿತ್ತು. ಪೆಟ್ರೋಲ್ 94 ರೂಪಾಯಿ 72 ಪೈಸೆ. ‘ನೋಡಿ, ಹೇಗೆ ಲೂಟಿ ಹೊಡೀತಿದ್ದಾರೆ’ ಅಂತ ಕೆಳಗೆ ಒಂದು ಸಾಲು. ಅಂಕಿ ಸರಿಯಾಗಿಯೇ ಇದೆ. ತೀರ್ಮಾನ ಮಾತ್ರ ಅರ್ಧ ಸರಿ.

ಡಾಲರ್ ಬಿಟ್ಟು ರೂಪಾಯಿಯಲ್ಲಿ ನೋಡೋಣ. ಒಂದು ಬ್ಯಾರೆಲ್ ಅಂದರೆ 159 ಲೀಟರ್. 2014ರಲ್ಲಿ ಡಾಲರಿಗೆ ಸುಮಾರು 60 ರೂಪಾಯಿ ಇತ್ತು. 109 ಡಾಲರಿನ ತೈಲ ಲೀಟರಿಗೆ 41 ರೂಪಾಯಿ ಬಿತ್ತು. 2024ರಲ್ಲಿ ಡಾಲರ್ 83 ದಾಟಿತ್ತು. 82 ಡಾಲರಿನ ತೈಲ ಲೀಟರಿಗೆ 43 ರೂಪಾಯಿ. ಅಂದರೆ ಹೊರಗೆ ತೈಲ ಅಗ್ಗ ಆಯಿತು, ನಮ್ಮ ರೂಪಾಯಿ ಅದಕ್ಕಿಂತ ಅಗ್ಗ ಆಯಿತು. ಬೇಕಾದ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಜಾಸ್ತಿ ಹೊರಗಿನಿಂದ ತರಿಸುವ ದೇಶಕ್ಕೆ ಇದು ಸಣ್ಣ ಪೆಟ್ಟಲ್ಲ. ವಾಟ್ಸಾಪ್ ಲೆಕ್ಕದಲ್ಲಿ ಇದು ಯಾವತ್ತೂ ಬರಲ್ಲ.

ಹಾಗಾದರೆ 71 ರೂಪಾಯಿ 94 ಆಗಿದ್ದು ಹೇಗೆ? ಕಚ್ಚಾ ತೈಲದ ಪಾಲು ಎರಡು ರೂಪಾಯಿ ಮಾತ್ರ ಏರಿದೆ, ಅಲ್ವಾ? ಸಂಸ್ಕರಣೆಯ ಖರ್ಚು, ಲಾಭ, ಬಂಕಿನವರ ಕಮಿಷನ್ ಸ್ವಲ್ಪ ಏರಿವೆ. ದೊಡ್ಡ ಪಾಲು ತೆರಿಗೆಯದ್ದು. ಕೇಂದ್ರದ ಅಬಕಾರಿ ಸುಂಕ 2014ರಲ್ಲಿ ಲೀಟರಿಗೆ 9 ರೂಪಾಯಿ 48 ಪೈಸೆ ಇತ್ತು. 2024ರಲ್ಲಿ 19 ರೂಪಾಯಿ 90 ಪೈಸೆ. 2025ರ ಏಪ್ರಿಲ್‌ನಲ್ಲಿ ಇನ್ನೂ ಎರಡು ರೂಪಾಯಿ ಸೇರಿತು. ಬಂಕಿನಲ್ಲಿ ರೇಟು ಬದಲಾಗಲಿಲ್ಲ, ಹಾಗಾಗಿ ನಮಗೆ ಗೊತ್ತೇ ಆಗಲಿಲ್ಲ.

ಈಗ ನಮ್ಮೂರಿಗೆ ಬರೋಣ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರ್ 102 ರೂಪಾಯಿ 86 ಪೈಸೆ ಆಯಿತು. ಅದರಲ್ಲಿ ರಾಜ್ಯಕ್ಕೆ ಸುಮಾರು 23 ರೂಪಾಯಿ, ಕೇಂದ್ರಕ್ಕೆ 20, ಬಂಕಿನವರಿಗೆ 4ಕ್ಕೆ ಒಂಚೂರು ಕಮ್ಮಿ. ಉಳಿದ 55–56 ರೂಪಾಯಿ ತೈಲ ಕಂಪನಿಗೆ. ದೆಹಲಿಗಿಂತ ನಾವು ಆಗ ಎಂಟು ರೂಪಾಯಿ ಜಾಸ್ತಿ ಕೊಟ್ಟಿದ್ದು ಪೂರ್ತಿಯಾಗಿ ರಾಜ್ಯದ ತೆರಿಗೆಯ ವ್ಯತ್ಯಾಸದಿಂದ, ಸಾಗಾಣಿಕೆಯಿಂದ ಅಲ್ಲ. ಇನ್ನೊಂದು ತಮಾಷೆ ಇದೆ. ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ ರಾಜ್ಯ ತನ್ನ ಶೇಕಡಾ ಲೆಕ್ಕ ಹಾಕುತ್ತದೆ. ತೆರಿಗೆಗೂ ತೆರಿಗೆ.

ಆ 55 ರೂಪಾಯಿಯಲ್ಲೂ ಒಂದು ಸಂಗತಿ ಅಡಗಿದೆ. ಬೆಂಗಳೂರಿನ ಪೆಟ್ರೋಲ್ ಎಲ್ಲಿಂದ ಬರುತ್ತದೆ? ಒಂದು ದೊಡ್ಡ ಪಾಲು ಮಂಗಳೂರಿನ ಸಂಸ್ಕರಣಾಗಾರದಿಂದ. ಸುಮಾರು 360 ಕಿಲೋಮೀಟರ್ ಕೊಳವೆ ಮಾರ್ಗ ಘಟ್ಟ ಹತ್ತಿ, ಹಾಸನದ ಮೇಲೆ, ಹೊಸಕೋಟೆ ಹತ್ತಿರದ ದೇವನಗೊಂದಿವರೆಗೆ ಬಂದಿದೆ. ಅಲ್ಲಿಂದ ಟ್ಯಾಂಕರ್ ಲಾರಿಗಳು ಬಂಕಿಗೆ ಬರುತ್ತವೆ. ಆದರೆ ಸಂಸ್ಕರಣಾಗಾರದ ಬಾಗಿಲಲ್ಲಿ ಬೆಲೆ ನಿಗದಿಯಾಗುವುದು ಇಲ್ಲಿನ ಖರ್ಚಿನ ಮೇಲಲ್ಲ. 2006ರಲ್ಲಿ ಸರ್ಕಾರ ನೇಮಿಸಿದ್ದ ರಂಗರಾಜನ್ ಸಮಿತಿ ಒಂದು ಸೂತ್ರ ಕೊಟ್ಟಿತು. ಅದರಲ್ಲಿ ನೂರಕ್ಕೆ 80 ಪಾಲು ಆಮದು ಬೆಲೆ, 20 ಪಾಲು ರಫ್ತು ಬೆಲೆ. ಆಮದು ಬೆಲೆ ಅಂದರೆ ಸಿದ್ಧ ಪೆಟ್ರೋಲನ್ನೇ ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ತರಿಸಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿ. ನಂಜನಗೂಡಿನ ರಸಬಾಳೆಯನ್ನು ನಂಜನಗೂಡಿನಲ್ಲೇ ಮಾರುವಾಗ ದುಬೈಯಿಂದ ಬಂದ ಹಣ್ಣಿನ ರೇಟು ಕೇಳಿದ ಹಾಗೆ. ಇದಕ್ಕೆ ಸಮರ್ಥನೆಯೂ ಇದೆ. ಇಲ್ಲಿ ಕಡಿಮೆ ಕೊಟ್ಟರೆ ಕಂಪನಿ ಹೊರಗೆ ಮಾರುತ್ತದೆ. ಆ ವಾದವನ್ನು ನಾನು ತಳ್ಳಿಹಾಕಲ್ಲ. ಆದರೆ ಖರ್ಚು ಎಷ್ಟು, ಲಾಭ ಎಷ್ಟು ಅಂತ ಕೊಳ್ಳುವವನಿಗೆ ಗೊತ್ತಾಗದ ಹಾಗೆ ಮಾಡಿದ ಸೂತ್ರ ಇದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಪೆಟ್ರೋಲ್ ದುಬಾರಿಯಾಗೋದಕ್ಕೆ ಕಚ್ಚಾ ತೈಲ ಏರುವುದೊಂದೇ ಕಾರಣ ಅಲ್ಲ. ಅದು ಇಳಿದಾಗ ಇಳಿಕೆ ನಮ್ಮವರೆಗೆ ಬರದಿರುವುದೂ ಕಾರಣ.

2020ರ ಏಪ್ರಿಲ್ ನೆನಪಿದೆಯಲ್ಲ? ಲಾಕ್‌ಡೌನ್. ರಿಂಗ್ ರೋಡಿನಲ್ಲಿ ಹಕ್ಕಿ ಕೂಗೋದು ಕೇಳಿಸುತ್ತಿತ್ತು. ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದೆ ಬೆಲೆ, ಅಂದರೆ ಮುಂದೆ ಕೊಡುವ ತೈಲಕ್ಕೆ ಮೊದಲೇ ಕುದುರಿಸುವ ಬೆಲೆ, ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಯಿತು. ನಾವು ಕೊಳ್ಳುವ ತೈಲ ಆ ತಿಂಗಳು ಸರಾಸರಿ 20 ಡಾಲರ್. ಲೀಟರಿಗೆ ಹತ್ತು ರೂಪಾಯಿಯೂ ಇಲ್ಲ, ನೀರಿನ ಬಾಟಲಿಗಿಂತ ಅಗ್ಗ. ಬಂಕಿನಲ್ಲಿ ಎಷ್ಟು ಇಳಿಯಿತು? ಏನೂ ಇಲ್ಲ. ಮಾರ್ಚ್‌ನಲ್ಲಿ ಕೇಂದ್ರ ಮೂರು ರೂಪಾಯಿ ಸುಂಕ ಏರಿಸಿತ್ತು, ಮೇನಲ್ಲಿ ಒಂದೇ ಸಲ ಹತ್ತು ಏರಿಸಿತು. ಸುಂಕ ಹತ್ತಿರಹತ್ತಿರ 33 ರೂಪಾಯಿ ಆಯಿತು. ನಮ್ಮ ರಾಜ್ಯವೂ ಸುಮ್ನೆ ಕೂರಲಿಲ್ಲ, ಅದೇ ಏಪ್ರಿಲ್‌ನಲ್ಲಿ ತನ್ನ ತೆರಿಗೆಯನ್ನು ಶೇ. 32ರಿಂದ 35ಕ್ಕೆ ಒಯ್ದಿತು. ಇಳಿಕೆಯನ್ನೆಲ್ಲ ಇಬ್ಬರೂ ಹಂಚಿಕೊಂಡರು. ಆಮೇಲೆ ಕಚ್ಚಾ ತೈಲ ಮತ್ತೆ ಏರಿತಲ್ಲ, ಆ ಏರಿಕೆಯನ್ನು ಮಾತ್ರ ನಮಗೆ ಬಿಟ್ಟರು. 2021ರ ಜೂನ್‌ನಲ್ಲಿ ಬೆಂಗಳೂರು ನೂರು ದಾಟಿತು. ಆ ನವೆಂಬರ್‌ನಲ್ಲಿ ಕೇಂದ್ರ ಐದು, ರಾಜ್ಯ ಏಳು ರೂಪಾಯಿ ಇಳಿಸಿದವು. 2022ರ ಮೇನಲ್ಲಿ ಕೇಂದ್ರ ಇನ್ನೂ ಎಂಟು ಇಳಿಸಿತು. ಏರಿಸಿದ್ದರಲ್ಲಿ ಒಂದಷ್ಟು ವಾಪಸ್ ಕೊಟ್ಟಿದ್ದನ್ನೇ ಉಡುಗೊರೆ ಅಂದರು.

ಸರ್ಕಾರಗಳಿಗೆ ಈ ತೆರಿಗೆಯ ಮೇಲೆ ಯಾಕೆ ಇಷ್ಟು ಪ್ರೀತಿ? ವಸೂಲಿ ಸುಲಭ. ತೆರಿಗೆ ತಪ್ಪಿಸಿಕೊಂಡು ಪೆಟ್ರೋಲ್ ಹಾಕಿಸೋಕೆ ಆಗಲ್ಲ. ಪಕ್ಷ ಯಾವುದಾದರೂ ಇರಲಿ, ಇದನ್ನು ಬಿಡುವವರನ್ನು ನಾನು ಕಂಡಿಲ್ಲ.

‘ರೇಟು ಮಾರುಕಟ್ಟೆಯದ್ದು’ ಅನ್ನುತ್ತಾರೆ. ಕಾಗದದ ಮೇಲೆ ಹೌದು. ಪೆಟ್ರೋಲ್ ಬೆಲೆ ತಾನೇ ನಿಗದಿ ಮಾಡೋದನ್ನು 2010ರ ಜೂನ್‌ನಲ್ಲೇ ಸರ್ಕಾರ ಕೈಬಿಟ್ಟಿತು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಆರಕ್ಕೆ ರೇಟು ಬದಲಾಗೋದು ಶುರುವಾಯಿತು. ಆದರೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ಬಂದಾಗ, ಏಪ್ರಿಲ್ 24ರ ನಂತರ ರೇಟು ಅಲ್ಲಾಡಲಿಲ್ಲ. ಹೊರಗೆ ಕಚ್ಚಾ ತೈಲ ಏರುತ್ತಲೇ ಇತ್ತು. ಮೇ 12ಕ್ಕೆ ನಾವು ಮತ ಹಾಕಿದೆವು. ಮೇ 14ರಿಂದ ಪೈಸೆ ಪೈಸೆ ಏರಿಕೆ ಶುರು. ಮಾರುಕಟ್ಟೆಗೂ ಮತದಾರರ ಪಟ್ಟಿ ಗೊತ್ತು ಅಂತ ಕಾಣುತ್ತೆ.

ಕಂಪನಿಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಉಕ್ರೇನ್ ಯುದ್ಧದ ವರ್ಷ ರೇಟು ಹಿಡಿದಿಟ್ಟಿದ್ದಕ್ಕೆ ಮೂರು ಸರ್ಕಾರಿ ಕಂಪನಿಗಳು 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 21 ಸಾವಿರ ಕೋಟಿಗೂ ಹೆಚ್ಚು ಕಳೆದುಕೊಂಡವು. ಮುಂದೆ 2023–24ರಲ್ಲಿ ಮೂರೂ ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದವು. ಆ ವರ್ಷದ ಕೊನೆಗೆ ನಮಗೆ ಇಳಿಸಿದ್ದು ಎರಡು ರೂಪಾಯಿ.

ಜಿಎಸ್‌ಟಿಗೆ ಯಾಕೆ ತರಲ್ಲ ಅಂತ ಎಲ್ಲರೂ ಕೇಳುತ್ತಾರೆ. 2024ರ ಜೂನ್ ಲೆಕ್ಕಕ್ಕೆ, ಆಗಿನ ಶೇ. 28ರ ದರ ಹಾಕಿದ್ದರೆ ಬೆಂಗಳೂರಿನಲ್ಲಿ ಲೀಟರ್ 76 ರೂಪಾಯಿ ಆಸುಪಾಸು ಆಗುತ್ತಿತ್ತು. ಖುಷಿ ಪಡುವ ಮುಂಚೆ ರಾಜ್ಯದ ಜಾಗದಲ್ಲಿ ನಿಂತು ನೋಡಿ. ಅದಕ್ಕೆ ಸಿಗುವ 23 ರೂಪಾಯಿ ಎಂಟಕ್ಕೆ ಇಳಿಯುತ್ತದೆ. ಕೇಂದ್ರದ ಪಾಲಿನಿಂದ ತುಂಬಿಕೊಳ್ಳೋಣ ಅಂದರೆ ಅಲ್ಲೂ ಏನಿಲ್ಲ. ಆ 19.90ರಲ್ಲಿ ರಾಜ್ಯಗಳ ಜೊತೆ ಹಂಚಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ, ಮಿಕ್ಕಿದ್ದೆಲ್ಲ ಸೆಸ್ಸು, ವಿಶೇಷ ಸುಂಕ. ಆಗಿನ 15ನೇ ಹಣಕಾಸು ಆಯೋಗದ ಪ್ರಕಾರ ಆ 1.40ರಲ್ಲಿ ಶೇ. 41 ರಾಜ್ಯಗಳಿಗೆ, ಅದರಲ್ಲಿ ಶೇ. 3.647 ಕರ್ನಾಟಕಕ್ಕೆ. ಗುಣಿಸಿ ನೋಡಿ, ಲೀಟರಿಗೆ ಎರಡು ಪೈಸೆ! ಇನ್ನು ರಾಜ್ಯ ತನ್ನ ತೆರಿಗೆ ಬಿಟ್ಟುಕೊಡುತ್ತದೆಯೇ?

ಮೊದಲ ಚೀಟಿ ಬಂದಿದೆ. ‘ಕಬ್ಬಿನ ಇಥೆನಾಲ್ ನೂರಕ್ಕೆ 20 ಸೇರಿಸ್ತಾರಲ್ಲ ಸಾರ್, ರೇಟು ಇಳೀಬೇಕಿತ್ತಲ್ವಾ?’ ಒಳ್ಳೆ ಪ್ರಶ್ನೆ. ಇಳಿಯಲ್ಲ. ಇಥೆನಾಲನ್ನು ಕಬ್ಬಿನಿಂದಷ್ಟೇ ಅಲ್ಲ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. 2024–25ರಲ್ಲಿ ಮೆಕ್ಕೆಜೋಳದ ಇಥೆನಾಲನ್ನು ಕಂಪನಿಗಳು ಲೀಟರಿಗೆ 71 ರೂಪಾಯಿ 86 ಪೈಸೆಗೆ ಕೊಳ್ಳುತ್ತಿದ್ದವು, ತೆರಿಗೆ ಇಲ್ಲದ ಪೆಟ್ರೋಲಿಗಿಂತ ಅದೇ ದುಬಾರಿ. ಲೀಟರಿಗೆ ಲೀಟರ್ ಹೋಲಿಸಿದರೆ ಇಥೆನಾಲ್‌ನಲ್ಲಿ ಶಕ್ತಿ ಮೂರನೇ ಒಂದು ಪಾಲು ಕಮ್ಮಿ, ಹಾಗಾಗಿ ಹಳೇ ಗಾಡಿಗಳಲ್ಲಿ ಮೈಲೇಜ್ ಸ್ವಲ್ಪ ಬೀಳುತ್ತದೆ. ಡಾಲರ್ ಉಳಿಯುತ್ತದೆ, ಮಂಡ್ಯದ ಕಬ್ಬಿಗೆ, ದಾವಣಗೆರೆ ಹಾವೇರಿಯ ಮೆಕ್ಕೆಜೋಳಕ್ಕೆ ಗಿರಾಕಿ ಸಿಗುತ್ತಾರೆ. ಅದು ನಿಜವಾದ ಲಾಭ. ಆದರೆ ಅದು ಬಂಕಿನ ಬೋರ್ಡಿನಲ್ಲಿ ಕಾಣಿಸುವ ಲಾಭ ಅಲ್ಲ. ಎರಡನೇ ಸಾಲಿನಲ್ಲಿ ಯಾರೋ ಕೈ ಎತ್ತಿದ್ದಾರೆ, ಮೈಕ್ ಅವರಿಗೆ ಕೊಡಿ.