ಸಂತೆಯ ಸೊಪ್ಪು, ಮೊಲದ ಹೊಟ್ಟೆ

ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೊಲ ಸಾಕಿದವರಿಗೆ ಸೊಪ್ಪಿಗೇನೂ ಬರವಿಲ್ಲ. ಸಂತೆ ಮುಗಿಯೋ ಹೊತ್ತಿಗೆ ಹೋದರೆ ಮೆಂತ್ಯ, ಮೂಲಂಗಿ ಸೊಪ್ಪು, ಕೋಸಿನ ಎಲೆ ಎಲ್ಲ ಸೇರಿಸಿ ಒಂದು ಚೀಲ ಸಿಗುತ್ತೆ. ಅದನ್ನ ಹಾಗೇ ಗೂಡಿಗೆ ಸುರೀತಾರೆ, ಪ್ರೀತಿಯಿಂದಲೇ. ದಯವಿಟ್ಟು ಹಾಗೆ ಮಾಡಬೇಡಿ.

ಮೊಲದ ಸಣ್ಣ ಕರುಳು ಮುಗಿಯೋ ಕಡೆ ಸೀಕಮ್ ಅನ್ನೋ ದೊಡ್ಡ ಚೀಲ ಇದೆ. ಅದರೊಳಗಿನ ಸೂಕ್ಷ್ಮಜೀವಿಗಳೇ ನಾರನ್ನ ಹುದುಗಿಸಿ ಜೀರ್ಣ ಮಾಡೋದು. ಬರೀ ಹುಲ್ಲಿಗೆ ಒಗ್ಗಿದ ಅವುಗಳ ಮೇಲೆ ಒಂದೇ ದಿನ ನಾಲ್ಕು ಬಗೆಯ ಸೊಪ್ಪು ಬಿದ್ದರೆ ಭೇದಿ ಆಗಬಹುದು, ಗ್ಯಾಸ್ ತುಂಬಬಹುದು. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಇನ್ನೊಂದು ತೊಂದರೆ: ನಾಲ್ಕೂ ಒಟ್ಟಿಗೆ ಹಾಕಿದರೆ ಯಾವುದು ಒಗ್ಗಲಿಲ್ಲ ಅಂತ ನಿಮಗೆ ತಿಳಿಯೋದೇ ಇಲ್ಲ.

ಮರಿಗೆ ಮೂರು ತಿಂಗಳು ತುಂಬಲಿ. ಆಮೇಲೆ ಕೊತ್ತಂಬರಿಯಿಂದ ಶುರು ಮಾಡಿ. ಬೇರು ಕತ್ತರಿಸಿ, ಎರಡು ಮೂರು ನೀರಲ್ಲಿ ತೊಳೆದು, ಎರಡೇ ಕಡ್ಡಿ ಕೊಡಿ. ಎರಡು ದಿನ ಹಿಕ್ಕೆ ನೋಡಿ. ದುಂಡಗೆ, ಒಣಗಿದ್ದು, ಮುರಿದರೆ ನಾರು ಕಂಡರೆ ಸರಿ. ಮೆತ್ತಗಾದರೆ ಆ ಸೊಪ್ಪು ನಿಲ್ಲಿಸಿ, ಒಣಹುಲ್ಲು, ನೀರು ಮಾತ್ರ ಇಡಿ. ಆದರೆ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡು ಹೊಳೆಯೋ ಮೆತ್ತನೆ ಹಿಕ್ಕೆ ಬೇರೆ. ಅದನ್ನ ಮೊಲ ತಾನೇ ತಿನ್ನುತ್ತೆ, ಅದರಿಂದ ಬಿ ವಿಟಮಿನ್ ಸಿಗುತ್ತೆ. ತಡೀಬೇಡಿ.

ಕೊತ್ತಂಬರಿ ಒಗ್ಗಿದ ಮೇಲೆ ಪುದೀನ, ಆಮೇಲೆ ಸಬ್ಬಸಿಗೆ, ಕ್ಯಾರೆಟ್ ಸೊಪ್ಪು. ಎಲ್ಲ ಒಗ್ಗಿದಾಗ 1 ಕೆಜಿ ತೂಕಕ್ಕೆ ದಿನಕ್ಕೆ ಒಂದು ಕಪ್ ಸಾಕು. ಪಾಲಕ್, ದಂಟಿನ ಸೊಪ್ಪಲ್ಲಿ ಆಕ್ಸಲೇಟ್ ಅನ್ನೋ, ಹೆಚ್ಚಾದರೆ ಕೆಡುಕು ಮಾಡೋ ಅಂಶ ಜಾಸ್ತಿ, ವಾರಕ್ಕೆ ಒಂದೆರಡು ಸಲ ಸ್ವಲ್ಪ ಕೊಡಿ. ಕ್ಯಾರೆಟ್ ಗಡ್ಡೆಯಲ್ಲಿ ಸಕ್ಕರೆ ಇದೆ, ಅಪರೂಪಕ್ಕೆ ಒಂದು ಬಿಲ್ಲೆ ಸಾಕು. ಮೊಲ ಅಂದರೆ ಕ್ಯಾರೆಟ್ ಅನ್ನೋ ಚಿತ್ರ ಮಕ್ಕಳ ಪುಸ್ತಕದಲ್ಲೇ ಇರಲಿ.

ನಮ್ಮ ಕಡೆ ಹಸು ಇರೋ ಮನೆಗಳಲ್ಲಿ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಕೈಗೆ ಸಿಗೋ ಹಾಗೇ ಇರುತ್ತೆ. ಬೆಳೆಯೋ ಮರಿಗೆ ಅದನ್ನ ಒಣಗಿಸಿ ಕೊಟ್ಟರೆ ಒಳ್ಳೇದೇ. ಬೆಳೆದ ಮೊಲಕ್ಕೆ ಮಾತ್ರ ದಿನಾ ಬೇಡ, ಕ್ಯಾಲ್ಸಿಯಂ ವಿಪರೀತ. ಮೊಲದ ಮೈ ತಿಂದ ಕ್ಯಾಲ್ಸಿಯಂನ ಬಹುಪಾಲು ಹೀರಿಕೊಂಡು ಹೆಚ್ಚಾದದ್ದನ್ನ ಮೂತ್ರದಲ್ಲಿ ಹೊರಹಾಕುತ್ತೆ. ಅತಿಯಾದರೆ ಮೂತ್ರ ಕಲಸಿದ ಸುಣ್ಣದ ಹಾಗೆ ಗಟ್ಟಿಯಾಗುತ್ತೆ, ಕಲ್ಲೂ ಕಟ್ಟಬಹುದು. ಬದಲಿಗೆ ಗರಿಕೆ ಕೊಡಿ, ಹಸಿಯಾದರೂ ಸರಿ, ಒಣಗಿಸಿದ್ದಾದರೂ ಸರಿ. ಏನೇ ಸೊಪ್ಪು ಕೊಟ್ಟರೂ ಮುಕ್ಕಾಲಿಗಿಂತ ಜಾಸ್ತಿ ಹುಲ್ಲೇ ಆಗಿರಬೇಕು.

ಟೊಮೆಟೊ ಗಿಡದ ಎಲೆ, ಆಲೂಗಡ್ಡೆ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವತ್ತೂ ಬೇಡ. ಔಷಧಿ ಹೊಡೆದ ತೋಟದ ಬದುವಿನ ಹುಲ್ಲೂ ಬೇಡ.

ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುರಿ ಕೂತಿದ್ದರೆ ಕರುಳು ನಿಂತಿರಬಹುದು. ಬೆಳಗಾಗಲಿ ಅಂತ ಕಾಯದೆ ಆಗಲೇ ಪಶುವೈದ್ಯರ ಹತ್ತಿರ ಕರ್ಕೊಂಡು ಹೋಗಿ, ಹೊಸದಾಗಿ ಏನು ಕೊಟ್ಟಿದ್ರಿ ಅಂತಲೂ ಹೇಳಿ.