ಅರ್ಧ ಗಂಟೆ ಕೈ ಹಾಕ್ಬೇಡಿ

ಎಲ್ರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡಿರೋರು ಅಂದ್ರೆ ಒಗ್ಗರಣೆ ಮುಂದೆ ನಿಂತಿರೋರು, ಅಂಗಡಿ ಕೌಂಟರ್ ಹಿಂದೆ ಕೂತಿರೋರು, ಇಲ್ಲಾ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಹಾರ್ನ್ ಹೊಡೀತಿರೋರು ಅಂತ ಅಂದ್ಕೊಂಡೇ ಮಾತಾಡ್ತೀನಿ. ನಂಗೆ ಕೊಟ್ಟಿರೋ ವಿಷಯ, ಪ್ರಯೋಗದ ಸಂಗೀತ, ವಿಚಿತ್ರ ಸಂಗೀತ, ಅದನ್ನ ಕೇಳೋದು ಹೇಗೆ ಅಂತ. ನಾನು ಹೇಳೋದು ಒಂದೇ ಮಾತು, ಈಗ್ಲೇ ಹೇಳ್ಬಿಡ್ತೀನಿ, ಆಮೇಲೂ ಹೇಳ್ತಾನೇ ಇರ್ತೀನಿ: ಅರ್ಧ ಗಂಟೆ ಕೈ ಹಾಕ್ಬೇಡಿ. ಇಷ್ಟ ಆಗ್ಲಿಲ್ಲ ಅಂತ ಸ್ಟೇಷನ್ ತಿರುಗಿಸ್ಬೇಡಿ, ಸ್ಕಿಪ್ ಒತ್ಬೇಡಿ.

ಅಮೆರಿಕದ ನ್ಯೂಜರ್ಸಿಲಿ ಡಬ್ಲ್ಯೂಎಫ್‌ಎಂಯು ಅಂತ ಒಂದು ರೇಡಿಯೋ ಸ್ಟೇಷನ್ ಇದೆ, 91.1 ಎಫ್‌ಎಂ. ನಿಮ್ಮ ಮಗಳೋ ಅಳಿಯನೋ ಜರ್ಸಿ ಸಿಟಿ ಕಡೆ ಇದ್ರೆ ಕಾರಲ್ಲಿ ಹೋಗ್ತಾ ಎಷ್ಟೋ ಸಲ ಅದನ್ನ ದಾಟ್ಕೊಂಡು ಮುಂದಿನ ಸ್ಟೇಷನ್‌ಗೆ ಹೋಗಿರ್ತಾರೆ, ಏನೋ ಕೆಟ್ಟೋಗಿದೆ ಅಂದ್ಕೊಂಡು. ಕೆಟ್ಟಿಲ್ಲ ಸ್ವಾಮಿ, ಅದು ಇರೋದೇ ಹಾಗೆ. 1958ರಲ್ಲಿ ಈಸ್ಟ್ ಆರೆಂಜ್ ಅನ್ನೋ ಊರಲ್ಲಿ ಅಪ್ಸಾಲಾ ಕಾಲೇಜಿನ ಸ್ಟೇಷನ್ ಆಗಿ ಶುರುವಾಯ್ತು, ಅರವತ್ತರ ದಶಕದ ಕೊನೇಲಿ ಅಲ್ಲಿನ ಹುಡುಗ್ರು ಫ್ರೀಫಾರ್ಮ್‌ಗೆ ಇಳಿದ್ರು. ಫ್ರೀಫಾರ್ಮ್ ಅಂದ್ರೆ ಇಷ್ಟೇ, ಮೈಕ್ ಮುಂದೆ ಕೂತಿರೋ ಮನುಷ್ಯ ಏನು ಹಾಕ್ತಾನೋ ಅದೇ ಕಾರ್ಯಕ್ರಮ. ಇದನ್ನೇ ಹಾಕು ಅಂತ ಮೇಲಿಂದ ಪಟ್ಟಿ ಬರಲ್ಲ. ಜಾಹೀರಾತಿಲ್ಲ. ಡಿಜೆಗಳಿಗೆ ಸಂಬಳಾನೂ ಇಲ್ಲ, ಬೇರೆ ಕೆಲಸ ಮಾಡ್ಕೊಂಡು ವಾರಕ್ಕೊಂದ್ಸಲ ತಮ್ಮ ರೆಕಾರ್ಡ್ ಚೀಲ ಹೊತ್ಕೊಂಡು ಬರೋ ಜನ. ಕಾಲೇಜು ಹಣ ಇಲ್ದೆ 1995ರಲ್ಲಿ ಬಾಗಿಲು ಹಾಕ್ತು, ಆದ್ರೆ ಸ್ಟೇಷನ್ನಿನೋರು ಮುಂಚೇನೇ ಒಂದು ಲಾಭರಹಿತ ಸಂಸ್ಥೆ ಕಟ್ಕೊಂಡು ಲೈಸೆನ್ಸ್ ತಮ್ಮ ಕೈಗೆ ತಗೊಂಡಿದ್ರು. ಕಾಲೇಜು ಹೋಯ್ತು, ರೇಡಿಯೋ ಉಳೀತು. ಇವತ್ತಿಗೂ ಕೇಳುಗರ ದುಡ್ಡಲ್ಲೇ ನಡೀತಿದೆ.

ಅಲ್ಲಿ ಒಂದು ಗಂಟೇಲಿ ಏನೇನು ಬರುತ್ತೆ ಅಂದ್ರೆ, ಮೊರಾಕೋದ ಡೋಲು ಮುಗಿಯೋಷ್ಟ್ರಲ್ಲಿ ಯಾವ್ದೋ ಹಳೇ ಸೋಪಿನ ಜಾಹೀರಾತಿನ ಹಾಡು, ಅದರ ಬಾಲ ಹಿಡ್ಕೊಂಡು ಹತ್ತು ನಿಮಿಷ ಬರೀ ಗುಂಯ್ ಅನ್ನೋ ಸದ್ದು. ಹಾಡಿಗೆ ಮುಂಚೆ ಹೆಸರು ಹೇಳಲ್ಲ, ಐದಾರು ಒಟ್ಟಿಗೆ ಹಾಕಿ ಆಮೇಲೆ ಇದು ಇಂಥದು ಅಂತ ಹೇಳ್ತಾರೆ. ಅಂದ್ರೆ ಯಾರದು, ಎಲ್ಲೀದು, ಒಳ್ಳೇದೋ ಕೆಟ್ಟದ್ದೋ ಅಂತ ಯಾರೂ ಹೇಳ್ಕೊಡದೇ ನಿಮ್ಮ ಕಿವಿ ಒಂದೇ ಕೂತು ಕೇಳ್ಬೇಕು. ಪಂಕ್ತೀಲಿ ಕೂತಾಗ ಬಡಿಸಿದ್ದನ್ನ ಮೊದಲು ಬಾಯಿಗೆ ಇಟ್ಕೊಂಡು ಆಮೇಲೆ ಇದೇನು ಅಂತ ಪಕ್ಕದೋರನ್ನ ಕೇಳ್ತೀವಲ್ಲ, ಹಾಗೆ. ಅದಕ್ಕೇ ಅಂದಿದ್ದು, ಅರ್ಧ ಗಂಟೆ ಕೈ ಹಾಕ್ಬೇಡಿ.

ಒಂದು ಕಥೆ ಹೇಳ್ತೀನಿ, ಇದನ್ನ ನಾನು ಸಿಕ್ಕಸಿಕ್ಕೋರಿಗೆಲ್ಲ ಹೇಳಿದೀನಿ, ಮನೇಲಿ ನಾನು ಶುರು ಮಾಡಿದ್ರೆ ಎದ್ದು ಹೋಗ್ತಾರೆ, ನೀವಾದ್ರೂ ಕೂತ್ಕೊಳ್ಳಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಲ್ಯಾಂಗ್ಲಿ ಅಂತ ಒಂದು ಊರು, ಹಳ್ಳಿ ಕಡೆ. 70ರ ದಶಕದಲ್ಲಿ ಹಾನ್ಸ್ ಫೆಂಗರ್ ಅಂತ ಒಬ್ಬ ಗಿಟಾರ್ ಹುಡುಗ ಅಲ್ಲಿನ ಶಾಲೆಗಳಿಗೆ ಮ್ಯೂಸಿಕ್ ಮೇಷ್ಟ್ರಾಗಿ ಹೋದ. ಮಕ್ಕಳ ಹಾಡು ಹೇಳ್ಕೊಡೋದು ಅವನಿಗೆ ಒಗ್ಲಿಲ್ಲ, ರೇಡಿಯೋದಲ್ಲಿ ಬರ್ತಿದ್ದ ರಾಕ್ ಹಾಡುಗಳನ್ನೇ ಕಲಿಸ್ದ. ಬೀಚ್ ಬಾಯ್ಸ್, ಪಾಲ್ ಮೆಕಾರ್ಟ್ನಿ, ಡೇವಿಡ್ ಬೋವಿ. ಮಕ್ಕಳ ಕೈಗೆ ಮರದ ಪಟ್ಟಿ ಬಡಿಯೋ ಝೈಲೋಫೋನ್, ತಾಳ, ಡ್ರಮ್ಮು ಕೊಟ್ಟ. 1976, 77ರಲ್ಲಿ ಶಾಲೆ ಜಿಮ್ ಹಾಲ್‌ನಲ್ಲಿ ಎಲ್ರನ್ನೂ ಕೂರ್ಸಿ ರೆಕಾರ್ಡ್ ಮಾಡಿ, ಅಪ್ಪ ಅಮ್ಮಂದಿರಿಗೆ ಅಂತ ಒಂದಷ್ಟು ಎಲ್‌ಪಿ ಅಚ್ಚು ಹಾಕ್ಸಿ ಹಂಚ್ದ. ಮುಗೀತು ಕಥೆ, ಎಲ್ರೂ ಮರ್ತ್ರು, ಮಕ್ಕಳು ದೊಡ್ಡೋರಾದ್ರು.

2000ದ ಹೊತ್ತಿಗೆ ಕೆನಡಾದಲ್ಲಿ ಒಬ್ಬ ರೆಕಾರ್ಡ್ ಹುಚ್ಚನಿಗೆ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಅದ್ರ ಒಂದು ಪ್ರತಿ ಸಿಗುತ್ತೆ. ಅವನು ಅದನ್ನ ಕಳ್ಸಿದ್ದು ಯಾರಿಗೆ ಗೊತ್ತಾ, 1975ರಿಂದ ಡಬ್ಲ್ಯೂಎಫ್‌ಎಂಯುಲಿ ಡಿಜೆ ಆಗಿರೋ ಅರ್ವಿನ್ ಚೂಸಿಡ್‌ಗೆ. ಯಾಕೆ ಅವರಿಗೇ? ಅದನ್ನ ಪೂರ್ತಿ ಕೇಳೋ ತಾಳ್ಮೆ ಇನ್ಯಾರಿಗೂ ಇರಲ್ಲ ಅಂತ ಇರ್ಬೇಕು. ಬೋವಿಯ 'ಸ್ಪೇಸ್ ಆಡಿಟಿ' ಅಂದ್ರೆ ಆಕಾಶದಲ್ಲಿ ಒಬ್ಬನೇ ಕಳ್ದೋಗೋ ಗಗನಯಾತ್ರಿ ಹಾಡು, ಅದನ್ನ ಈ ಮಕ್ಕಳು ಹಾಡ್ತಾರೆ ಕೇಳಿ. ಅರ್ಧ ಮಕ್ಕಳು ಶ್ರುತೀಲಿಲ್ಲ, ಡ್ರಮ್ ಒಂದು ಕಡೆ ಓಡುತ್ತೆ, ಜಿಮ್ ಗೋಡೆಗೆ ಬಡಿದು ಎಲ್ಲಾ ಸದ್ದೂ ಎರಡೆರಡು ಸಲ ಕೇಳ್ಸುತ್ತೆ. ಮೊದಲ ಒಂದು ನಿಮಿಷ ನಗು ಬರುತ್ತೆ, ಸ್ಕೂಲ್ ಡೇ ಕಾರ್ಯಕ್ರಮ ಅನ್ಸುತ್ತೆ. ಆಮೇಲೆ ನಗು ನಿಲ್ಲುತ್ತೆ. ಆ ಗೋಡೆಗಳ ಪ್ರತಿಧ್ವನಿ ಇದ್ಯಲ್ಲ, ಅದರಿಂದಾನೇ ಹಾಡು ನಿಜವಾಗ್ಲೂ ಅಂತರಿಕ್ಷದಿಂದ ಬಂದ ಹಾಗೆ ಕೇಳ್ಸುತ್ತೆ, ಯಾವ ದೊಡ್ಡ ಸ್ಟುಡಿಯೋದಲ್ಲೂ ಆ ದಿಗಿಲು ಹುಟ್ಟಿಸೋಕಾಗಲ್ಲ, ನಾನು ಸೌಂಡ್ ಕೆಲಸ ಮಾಡೋನು, ತಿಳ್ದೇ ಹೇಳ್ತಿದೀನಿ. ಆದ್ರೆ ಮೊದಲ ನಿಮಿಷಕ್ಕೇ ಕೈ ಹಾಕ್ದೋರಿಗೆ ಅದು ಸಿಗಲ್ಲ! ಚೂಸಿಡ್ ತಮ್ಮ ಕಾರ್ಯಕ್ರಮದಲ್ಲಿ ಹಾಕಿದ್ರು, ಫೆಂಗರ್‌ನ ಹುಡುಕಿದ್ರು, ಹಲವು ಕಂಪನಿಗಳು ಬೇಡ ಅಂದ್ಮೇಲೆ ಬಾರ್ ನನ್ ಅನ್ನೋ ನ್ಯೂಜರ್ಸಿಯದೇ ಸಣ್ಣ ಕಂಪನಿ 2001ರಲ್ಲಿ ಸಿಡಿ ತಂತು. ಪ್ರಪಂಚ ಪೂರ್ತಿ ಕೇಳ್ತು, ಬೋವಿಯೇ ಮೆಚ್ಕೊಂಡ್ರು. ಮೂಲ ಹಾಡಿದೋರೇ ಮೆಚ್ಕೊಂಡ್ಮೇಲೆ ನಮ್ಮದೇನು ತಕರಾರು ಹೇಳಿ.

ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ, ಟೈಮ್ ಆಗ್ತಿದೆಯಂತೆ. ಇನ್ನೂ ಮೂರು ವಿಷಯ ಇತ್ತು, ಓಡಿಸ್ತೀನಿ.

ಇದೆಲ್ಲ ನಮ್ಮ ಕಿವಿಗೆ ಆಗ್ಬರಲ್ಲ ಅಂತ ಅಂದ್ಕೊಂಡಿದ್ರೆ, ಅಲ್ಲ. ಒಂದೇ ಸ್ವರ ಹಿಡ್ಕೊಂಡು ಗಂಟೆಗಟ್ಲೆ ನಡೆಯೋ ಡ್ರೋನ್ ಸಂಗೀತ ಅಂತಾರಲ್ಲ, ನ್ಯೂಯಾರ್ಕ್‌ನ ಲಾ ಮಾಂಟ್ ಯಂಗ್, ಕ್ಯಾಲಿಫೋರ್ನಿಯಾದ ಟೆರ್ರಿ ರೈಲಿ ಇವ್ರೆಲ್ಲ 1970ರಿಂದ ಶಿಷ್ಯರಾಗಿ ಕೂತಿದ್ದು ಪಂಡಿತ್ ಪ್ರಾಣನಾಥ್ ಅವರ ಮುಂದೆ. ಪ್ರಾಣನಾಥರದು ಕಿರಾನಾ ಘರಾಣೆ. ನಮ್ಮ ಗಂಗೂಬಾಯಿ ಹಾನಗಲ್ಲರದು, ಭೀಮಸೇನ ಜೋಶಿಯವರದು ಅದೇ ಘರಾಣೆ. ಹುಬ್ಬಳ್ಳಿ ಧಾರವಾಡದೋರು ತಂಬೂರಿ ಮುಂದೆ ಸುಮ್ನೆ ಕೂತು ಕೇಳಿದ್ದೇ ಅವ್ರೂ ಕೇಳಿದ್ದು. ಬೆಳಿಗ್ಗೆಯಿಂದ ರಾತ್ರಿವರೆಗೂ ಅದೇ ಹತ್ತು ಹಾಡು ತಿರುಗ್ಸಿ ತಿರುಗ್ಸಿ ಹಾಕೋ ಎಫ್‌ಎಂಗಳಿಗೆ ಅಭ್ಯಾಸ ಆಗಿ ನಮಗೆ ಮರ್ತೋಗಿದೆ ಅಷ್ಟೇ. ಸರಿ, ಅದರ ಬಗ್ಗೆ ಮಾತಾಡಿದ್ರೆ ಜಗಳ ಆಗುತ್ತೆ, ಬಿಡಿ.

ಎರಡ್ನೇದು, ಎಲ್ಲಿ ಕೇಳೋದು. ಡಬ್ಲ್ಯೂಎಫ್‌ಎಂಯು 1997ರಿಂದಾನೇ ಇಂಟರ್ನೆಟ್‌ನಲ್ಲಿ ಬರ್ತಿದೆ, ಮೊಬೈಲ್‌ನಲ್ಲೇ ಸಿಗುತ್ತೆ, ದುಡ್ಡು ಕೊಡ್ಬೇಕಿಲ್ಲ. ಬೇಸಿಗೇಲಿ ಅವರ ಬೆಳಿಗ್ಗೆ ಒಂಬತ್ತು ಅಂದ್ರೆ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಹಾಕಿ, ಫೋನ್ ಬೋರಲಾಗಿ ಮಲಗ್ಸಿ, ಚಪಾತಿ ಹಿಟ್ಟು ಕಲಸ್ಕೊಳ್ಳಿ. ಕೈ ಹಿಟ್ಟಾಗಿದ್ರೆ ಸ್ಕಿಪ್ ಒತ್ತೋಕೂ ಆಗಲ್ಲ, ಒಳ್ಳೇದೇ ಆಯ್ತು.

ಮೂರ್ನೇದು ಯೋ ಲಾ ಟೆಂಗೋ ಅನ್ನೋ ಬ್ಯಾಂಡ್‌ದು, ಅಲ್ಲಿ ವರ್ಷಕ್ಕೊಂದ್ಸಲ ಚಂದಾ ಎತ್ತೋ ಮ್ಯಾರಥಾನ್ ನಡೆಯುತ್ತೆ, ಇವರು ಎಷ್ಟೋ ವರ್ಷ ಅದರಲ್ಲಿ ಸ್ಟುಡಿಯೋಗೆ ಬಂದು ದುಡ್ಡು ಕೊಟ್ಟೋರು ಯಾವ ಹಾಡು ಕೇಳಿದ್ರೂ ರಿಹರ್ಸಲ್ ಇಲ್ದೆ ಅಲ್ಲೇ ನೆನಪಿಂದ ನುಡಿಸಿದಾರೆ, ಸಾಲು ಮರ್ತೋದ್ರೆ ಲಾ ಲಾ ಅಂತ ಮುಂದೆ ಹೋಗೋದು, ಅದರ ಮಜಾನೇ... ಆಯ್ತು, ಆಯ್ತು, ಕೆಂಪು ದೀಪ ಹಾಕ್ಬಿಟ್ರು. ಇವತ್ತು ಸಂಜೆ ಆರೂವರೆಗೆ, ಅರ್ಧ ಗಂಟೆ. ನಮಸ್ಕಾರ.