ಸಾಕೆಟ್ ಒಂದೇ ಇದ್ರೆ ಸಾಕಾ? ಬಿ450 ಬೋರ್ಡ್‌ಗೆ ಹೊಸ ಪ್ರೊಸೆಸರ್ ಹಾಕೋ ಮುಂಚೆ

ನಮಸ್ಕಾರ. ಪರದೆ ಮೇಲೆ ಕಾಣ್ತಿರೋದು ಎಎಂಡಿ ಬಿ450 ಚಿಪ್‌ಸೆಟ್ಟಿನ ಒಂದು ಮದರ್‌ಬೋರ್ಡ್. ಅದರಲ್ಲಿ ಕೂತಿರೋದು ರೈಝನ್ 3 2200ಜಿ. 2018, 2019ರ ಹೊತ್ತಿಗೆ ಕಡಿಮೆ ಬಜೆಟ್ಟಲ್ಲಿ ಪಿಸಿ ಕಟ್ಟಿಸಿದ ಎಷ್ಟೋ ಜನರ ಮನೇಲಿ ಇದೇ ಜೋಡಿ ಇರುತ್ತೆ. 4 ಕೋರ್, 4 ಥ್ರೆಡ್. ಇದನ್ನ ತೆಗೆದು ರೈಝನ್ 5 5600 ಕೂರಿಸಿದ್ರೆ 6 ಕೋರ್, 12 ಥ್ರೆಡ್ ಸಿಗುತ್ತೆ. ಬೋರ್ಡು, ರ್‍ಯಾಮು, ಕ್ಯಾಬಿನೆಟ್ಟು ಎಲ್ಲ ಇದ್ದದ್ದೇ ಇರ್ಲಿ. ಇನ್ನೊಂದು ಕಾರಣಾನೂ ಇದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿಕೊಂಡಿರೋ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 2200ಜಿ ಇಲ್ಲ, 5600 ಇದೆ.

ಆದ್ರೆ ಆರ್ಡರ್ ಬಟನ್ ಒತ್ತೋಕೆ ಮುಂಚೆ ಒಂದರ್ಧ ಗಂಟೆ ಕೂತು ನೋಡ್ಬೇಕಾದ್ದಿದೆ. ನೋಡ್ದೇ ಹೋದ್ರೆ ಸಾಮಾನ್ಯವಾಗಿ ಆಗೋದು ಇಷ್ಟು: ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತೆ. ಪ್ರೊಸೆಸರ್ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಹೋಗ್ತಾರೆ. ಕೆಟ್ಟಿರಲ್ಲ. ಬೋರ್ಡಿಗೆ ಅದು ಯಾರು ಅಂತ ಗೊತ್ತಿಲ್ಲ, ಅಷ್ಟೇ.

ಮೊದಲು ಬೋರ್ಡಿನ ಪೂರ್ತಿ ಹೆಸರು ಬೇಕು. ಅಂಗಡಿ ಬಿಲ್ಲಲ್ಲಿ ‘ಬಿ450 ಬೋರ್ಡ್’ ಅಂತ ಮಾತ್ರ ಬರೆದಿರ್ತಾರೆ, ಅದು ಸಾಲಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಪುಟ್ಟ ಕಿಟಕಿಯಲ್ಲಿ ‘ಎಂಎಸ್‌ಇನ್ಫೋ32’ (msinfo32) ಅಂತ ಟೈಪ್ ಮಾಡಿ. ಸಿಸ್ಟಮ್ ಇನ್ಫರ್ಮೇಶನ್ ತೆರೆಯುತ್ತೆ. ಅದ್ರಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನೋ ಸಾಲು, ಬಯಾಸ್ ವರ್ಷನ್ ಮತ್ತು ದಿನಾಂಕದ ಸಾಲು, ಇವೆರಡನ್ನ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಬಯಾಸ್ ಅಂದ್ರೆ ಪಿಸಿ ಆನ್ ಆದ ಕೂಡ್ಲೇ ಮೊದಲು ಓಡೋ, ಬೋರ್ಡಿನ ಚಿಪ್ಪಲ್ಲೇ ಇರೋ ಸಾಫ್ಟ್‌ವೇರ್. ಸಿಪಿಯು-ಝಡ್ ಅನ್ನೋ ಸಣ್ಣ ಸಾಫ್ಟ್‌ವೇರ್ ಇದ್ರೆ ಮೇನ್‌ಬೋರ್ಡ್ ಟ್ಯಾಬಲ್ಲೂ ಇದೇ ಮಾಹಿತಿ ಸಿಗುತ್ತೆ. ಲಿನಕ್ಸ್ ಬಳಸೋರು ಡಿಎಂಐಡಿಕೋಡ್ ಅನ್ನೋ ಕಮಾಂಡ್ ಓಡಿಸಿ. ಇಷ್ಟಾದ್ಮೇಲೂ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರೋ ರಿವಿಷನ್ ನಂಬರ್ ಓದಿ. ಒಂದೇ ಹೆಸರಿನ ಬೋರ್ಡಿಗೆ ಎರಡು ಮೂರು ರಿವಿಷನ್ ಇರ್ತವೆ, ಅವುಗಳ ಬಯಾಸ್ ಫೈಲೂ ಬೇರೆ ಬೇರೆ ಇರಬಹುದು.

ಈಗ ಸಾಕೆಟ್, ಅಂದ್ರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರೋ ಜಾಗ. ನಮ್ಮ ಬೋರ್ಡಿಂದು ಎಎಂ4, 5600ದೂ ಎಎಂ4. ಪಿನ್ನು 1331, ಎರಡಕ್ಕೂ ಅಷ್ಟೇ. ‘ಸಾಕೆಟ್ ಒಂದೇ ಅಲ್ವಾ, ಮತ್ತೇನು ನೋಡೋದು’ ಅಂತ ಹಣ ಕಳ್ಕೊಂಡವರು ಇಂಟೆಲ್ ಕಡೆ ಬೇಕಾದಷ್ಟು ಜನ ಇದ್ದಾರೆ. ಎಲ್‌ಜಿಎ 1151 ಅನ್ನೋ ಇಂಟೆಲ್ ಸಾಕೆಟ್ ತಗೊಳ್ಳಿ. 2015ರಲ್ಲಿ 6ನೇ ತಲೆಮಾರಿನ ಜೊತೆ ಬಂತು, 7ನೇದೂ ಅದ್ರಲ್ಲೇ ಕೂತ್ಕೊಳ್ತು. 2017ರ ಅಕ್ಟೋಬರಲ್ಲಿ ಬಂದ 8ನೇ ತಲೆಮಾರಿನದೂ ಹೆಸರಿಗೆ 1151ನೇ. ಆದ್ರೆ ಒಳಗೆ ಪಿನ್ನುಗಳ ಕೆಲಸ ಬದಲಾಗಿತ್ತು. 100, 200 ಸರಣಿಯ ಚಿಪ್‌ಸೆಟ್ ಇರೋ ಬೋರ್ಡಿಗೆ ಅದನ್ನ ಹಾಕಿದ್ರೆ ಸಲೀಸಾಗಿ ಕೂರುತ್ತೆ, ಆದ್ರೆ ಪಿಸಿ ಏಳಲ್ಲ. ಅದಕ್ಕೆ 300 ಸರಣಿಯ ಬೋರ್ಡೇ ಬೇಕು.

ಎಲ್‌ಜಿಎ 1200ರಲ್ಲಿ ಕಥೆ ಇನ್ನೂ ಗೋಜಲು. 10ನೇ ತಲೆಮಾರಿನ ಪ್ರೊಸೆಸರ್ 400 ಸರಣಿಯ ಎಲ್ಲ ಬೋರ್ಡಲ್ಲೂ ನಡೆಯುತ್ತೆ. 11ನೇದು ಝಡ್490, ಎಚ್470ರಲ್ಲಿ ಬಯಾಸ್ ಅಪ್‌ಡೇಟ್ ಆದ್ಮೇಲೆ ನಡೆಯುತ್ತೆ. ಅದೇ ಸರಣಿಯ ಬಿ460, ಎಚ್410ಕ್ಕೆ ಇಂಟೆಲ್ ಬೆಂಬಲ ಕೊಡ್ಲಿಲ್ಲ. ನಮ್ಮಲ್ಲೂ ಎಚ್410 ಇರೋರು ಇದ್ದಾರೆ. ಸೆಕೆಂಡ್ ಹ್ಯಾಂಡಲ್ಲಿ ಐ5 11400 ಅಗ್ಗಕ್ಕೆ ಕಂಡ್ರೆ ಕೈ ತಡೆದು, ಮೊದಲು ಬೋರ್ಡಿನ ಹೆಸರು ನೋಡಿ.

ಎಲ್‌ಜಿಎ 1700 ಇರೋರಿಗೆ ಸ್ವಲ್ಪ ನಿರಾಳ. 12, 13, 14 ಮೂರೂ ತಲೆಮಾರು 600, 700 ಸರಣಿಯ ಬೋರ್ಡುಗಳಲ್ಲಿ ನಡೀತವೆ, ಬಯಾಸ್ ಹೊಸದಿದ್ರೆ ಆಯ್ತು. 13, 14ರ ದೊಡ್ಡ ಪ್ರೊಸೆಸರ್ ಹಾಕೋರಿಗಂತೂ ಹೊಸ ಬಯಾಸ್ ಕಡ್ಡಾಯ ಅಂದ್ಕೊಳ್ಳಿ. ವೋಲ್ಟೇಜ್ ಜಾಸ್ತಿ ಹೋಗಿ ಪ್ರೊಸೆಸರ್ ಸವೆಯೋ ತೊಂದರೆಗೆ ಇಂಟೆಲ್ 2024ರ ಆಗಸ್ಟಿಂದ ಬಿಟ್ಟ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ) ಬರೋದು ಬಯಾಸ್ ಮೂಲಕಾನೇ. ರ್‍ಯಾಮ್ ಡಿಡಿಆರ್4 ಇದ್ರೆ ಡಿಡಿಆರ್4 ಬೋರ್ಡಲ್ಲೇ ಉಳೀಬೇಕು. ಪ್ರೊಸೆಸರಿಗೆ ಎರಡೂ ಆಗುತ್ತೆ, ಬೋರ್ಡಿನ ಸ್ಲಾಟಿಗೆ ಒಂದೇ.

ಹಾಗಾದ್ರೆ ನಂಬೋದು ಯಾವುದನ್ನ? ಬೋರ್ಡ್ ತಯಾರಿಸಿದ ಕಂಪನಿಯ ಸೈಟಲ್ಲಿ, ನಿಮ್ಮ ಬೋರ್ಡಿನ ಪುಟದಲ್ಲಿ, ಸಪೋರ್ಟ್ ವಿಭಾಗದ ಒಳಗಿರೋ ಸಿಪಿಯು ಸಪೋರ್ಟ್ ಲಿಸ್ಟನ್ನ. ಅಂಗಡಿಯವರ ಮಾತು, ಎಐ ಕೊಟ್ಟ ಉತ್ತರ, ಇದೇ ವಿಡಿಯೋ, ಎಲ್ಲ ಆಮೇಲೆ. ಆ ಪಟ್ಟಿಯಲ್ಲಿ ಪ್ರೊಸೆಸರಿನ ಹೆಸರು ಇದೆಯಾ ಅಂತ ನೋಡಿ ಮುಚ್ಚಿಬಿಡಬೇಡಿ. ಅದೇ ಸಾಲಿನ ಕೊನೇಲಿ, ಯಾವ ಬಯಾಸ್ ಆವೃತ್ತಿಯಿಂದ ಅದು ನಡೆಯುತ್ತೆ ಅಂತ ಬರೆದಿರುತ್ತೆ. ನಿಜವಾದ ಉತ್ತರ ಆ ಕಾಲಮ್ಮಲ್ಲಿದೆ. ಆಗ್ಲೇ ಫೋಟೋ ತೆಗೆದ ಬಯಾಸ್ ಆವೃತ್ತಿ ಇದಕ್ಕಿಂತ ಹಳೇದಾ, ಹೊಸದಾ? ಹಳೇದಾದ್ರೆ ಬಯಾಸ್ ಏರಿಸದೆ ಪ್ರೊಸೆಸರ್ ಮುಟ್ಟೋ ಹಾಗಿಲ್ಲ.

ಬಿ450ಗೆ ಇದು ಯಾಕೆ ಅಷ್ಟು ಮುಖ್ಯ ಅಂದ್ರೆ, ಬೋರ್ಡ್ ಬಂದಿದ್ದು 2018ರಲ್ಲಿ. ರೈಝನ್ 5000 ಬಂದಿದ್ದು 2020ರ ನವೆಂಬರಲ್ಲಿ. 400 ಸರಣಿಗೆ ಅದರ ಬೆಂಬಲ ಬೀಟಾ (ಪರೀಕ್ಷಾ ಹಂತದ) ಬಯಾಸ್ ರೂಪದಲ್ಲಿ 2020ರ ಕೊನೆ, 2021ರ ಶುರುವಿನ ಹೊತ್ತಿಗೆ ಬಂತು. 300 ಸರಣಿಯ ಎ320, ಬಿ350 ಬೋರ್ಡುಗಳಿಗೆ 2022ರ ತನಕ ಕಾಯಬೇಕಾಯ್ತು. 2018, 2019ರಲ್ಲಿ ಕೊಂಡ ದಿನದಿಂದ ಬಯಾಸ್ ಮುಟ್ಟಿಲ್ಲ ಅಂದ್ರೆ, ನಿಮ್ಮದು ಖಂಡಿತ ಹಳೇದು.

ಬಯಾಸ್ ಏರಿಸಬೇಕಾದ್ದು ಹಳೇ ಪ್ರೊಸೆಸರ್ ಇನ್ನೂ ಬೋರ್ಡಲ್ಲೇ ಇರುವಾಗ. ಈ ಅನುಕ್ರಮ ತಪ್ಪಿದ್ರೆ ಎಲ್ಲಾ ಬಿಚ್ಚಿ ಮತ್ತೆ ಹಳೇದನ್ನ ಕೂರಿಸೋ ಕೆಲಸ. 16 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವ್ ತಗೊಂಡು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬೋರ್ಡಿನ ಪುಟದಿಂದ ಇಳಿಸ್ಕೊಂಡ ಬಯಾಸ್ ಝಿಪ್ ಬಿಡಿಸಿ, ಒಳಗಿರೋ ಬಯಾಸ್ ಫೈಲನ್ನ ಯಾವ ಫೋಲ್ಡರಿಗೂ ಹಾಕದೆ ಹಾಗೇ ಇಡಿ. ಬಯಾಸ್ ಒಳಗೆ ಹೋದ್ರೆ ಗಿಗಾಬೈಟಲ್ಲಿ ಕ್ಯೂ-ಫ್ಲಾಶ್, ಎಂಎಸ್ಐನಲ್ಲಿ ಎಂ-ಫ್ಲಾಶ್, ಏಸುಸಲ್ಲಿ ಈಝೀ ಫ್ಲಾಶ್ ಅಂತ ಇರುತ್ತೆ. ವಿಂಡೋಸ್ ಒಳಗಿಂದ ಬಯಾಸ್ ಏರಿಸೋ ಸಾಫ್ಟ್‌ವೇರೂ ಇದೆ, ಅದರ ಸಹವಾಸ ಬೇಡ. ನಡುವೆ ವಿಂಡೋಸ್ ಹ್ಯಾಂಗ್ ಆದ್ರೆ ಬೋರ್ಡೇ ಹೋಗುತ್ತೆ.

ಡೌನ್‌ಲೋಡ್ ಪುಟದಲ್ಲಿ ಪ್ರತಿ ಆವೃತ್ತಿಯ ಕೆಳಗಿರೋ ನಾಲ್ಕು ಸಾಲು ಓದಿ. ‘ಇದಕ್ಕೆ ಮುಂಚೆ ಇಂಥ ಆವೃತ್ತಿ ಹಾಕಿರಲೇಬೇಕು’ ಅಂತ ಇದ್ರೆ ಒಂದೇ ಏಟಿಗೆ ಕೊನೇದಕ್ಕೆ ಜಿಗಿಯೋ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಇನ್ನೊಂದು ವಿಷಯ ಇದೆ: ಹಳೇ ಎಎಂ4 ಬೋರ್ಡುಗಳಲ್ಲಿ ಬಯಾಸ್ ಚಿಪ್ಪಿನ ಜಾಗ 16 ಎಂಬಿ ಮಾತ್ರ. ಎಲ್ಲ ತಲೆಮಾರಿನ ಮಾಹಿತಿ ಅದ್ರಲ್ಲಿ ಹಿಡಿಸಲ್ಲ. ಹಾಗಾಗಿ ಕೆಲವು ಹೊಸ ಬಯಾಸ್‌ಗಳಲ್ಲಿ ಹಳೇ ಪ್ರೊಸೆಸರ್‌ಗಳ ಬೆಂಬಲವನ್ನೇ ತೆಗೆದುಹಾಕಿದ್ದಾರೆ. ಅಂಥ ಬಯಾಸ್ ಹಾಕಿ ರೀಸ್ಟಾರ್ಟ್ ಆದಾಗ, ಬೋರ್ಡಲ್ಲಿ ಇನ್ನೂ ಕೂತಿರೋ ಹಳೇ ಪ್ರೊಸೆಸರೇ ಅದಕ್ಕೆ ಅಪರಿಚಿತ ಆಗಬಹುದು. 5600ಕ್ಕೆ ಎಷ್ಟು ಬೇಕೋ ಅಷ್ಟು ಹೊಸ ಆವೃತ್ತಿ, ಅದರಲ್ಲಿ 2200ಜಿ ಕೂಡ ಉಳಿದಿರಬೇಕು. ಪಟ್ಟಿಯಲ್ಲಿ ಎರಡನ್ನೂ ನೋಡಿ ಆರಿಸಿ. 32 ಎಂಬಿ ಚಿಪ್ ಇರೋ ಎಂಎಸ್ಐ ಮ್ಯಾಕ್ಸ್ ಬೋರ್ಡುಗಳಿಗೆ ಈ ತಲೆನೋವು ಕಡಿಮೆ.

ಬಯಾಸ್ ಬರೀತಿರೋ ಕೆಲವು ನಿಮಿಷ ಕರೆಂಟ್ ಹೋಗಬಾರ್ದು. ಯುಪಿಎಸ್ ಇಲ್ದೇ ಇದ್ರೆ ಮುಂಗಾರಿನ ಗುಡುಗು ಸಂಜೆ ಈ ಕೆಲಸಕ್ಕೆ ಕೈ ಹಾಕ್ಬೇಡಿ. ಬೋರ್ಡಿನ ಹಿಂಬದಿ ಬಯಾಸ್ ಫ್ಲಾಶ್‌ಬ್ಯಾಕ್ ಬಟನ್ ಇದ್ರೆ ನೀವು ಪುಣ್ಯವಂತರು. ಅದಕ್ಕೆ ಪ್ರೊಸೆಸರೂ ಬೇಡ, ರ್‍ಯಾಮೂ ಬೇಡ. ಪವರ್ ಸಪ್ಲೈ ಜೋಡಿಸಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿ ಬಟನ್ ಒತ್ತಿದ್ರೆ ಸಾಕು. ಆದ್ರೆ ಫೈಲಿಗೆ ಕಂಪನಿ ಹೇಳಿದ ಹೆಸರೇ ಇಡಬೇಕು, ಅಕ್ಷರ ತಪ್ಪಿದ್ರೆ ಲೈಟ್ ಕೆಲವು ಸಲ ಮಿನುಗಿ ಸುಮ್ಮನಾಗುತ್ತೆ. ಕಡಿಮೆ ಬೆಲೆಯ ಬಿ450ಗಳಲ್ಲಿ ಈ ಬಟನ್ ಸಾಮಾನ್ಯವಾಗಿ ಇರಲ್ಲ.

ಇನ್ನು ಎಲ್ರೂ ಮರೆಯೋ ವಿಷಯ, ಡಿಸ್‌ಪ್ಲೇ. 2200ಜಿ ಒಳಗೆ ಗ್ರಾಫಿಕ್ಸ್ ಇದೆ, ಮಾನಿಟರ್ ಕೇಬಲ್ ನೇರ ಬೋರ್ಡಿಗೇ ಚುಚ್ಚಿರ್ತೀರಿ. 5600 ಒಳಗೆ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ದೇ ಇದ್ರೆ ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಇದ್ದೂ ಇಲ್ಲದ ಹಾಗೆ. ಕಾರ್ಡ್ ಇಲ್ಲದವರು 5600ಜಿ ನೋಡ್ಬೇಕು. ಇಂಟೆಲಲ್ಲಿ ಹೆಸರಿನ ಕೊನೆಗೆ ಎಫ್ ಇದ್ರೆ ಇದೇ ಕಥೆ.

ಹೆಸರಿನ ವಿಷಯಕ್ಕೆ ಬಂದ್ರೆ, ಎಎಂಡಿ ಹೆಸರಿಡೋ ರೀತಿ ನೋಡಿದ್ರೆ ಗಿರಾಕಿ ಗೊಂದಲ ಆಗ್ಲಿ ಅಂತಾನೇ ಇಟ್ಟ ಹಾಗಿದೆ. 5600ದಲ್ಲಿ ಎಲ್3 ಕ್ಯಾಶ್, ಅಂದ್ರೆ ಪ್ರೊಸೆಸರ್ ಒಳಗಿರೋ ವೇಗದ ಮೆಮೊರಿ, 32 ಎಂಬಿ. 5600ಜಿ ಮತ್ತು 5500ರಲ್ಲಿ 16 ಎಂಬಿ. 5700ಎಕ್ಸಲ್ಲಿ 32, ಎಕ್ಸ್ ಇಲ್ಲದ ಬರೀ 5700ರಲ್ಲಿ ಮತ್ತೆ 16. 5700ಎಕ್ಸ್3ಡಿಯಲ್ಲಿ 96. ಗೇಮಿಗೆ ಈ ಕ್ಯಾಶ್ ವ್ಯತ್ಯಾಸ ಕಣ್ಣಿಗೆ ಕಾಣೋಷ್ಟು ದೊಡ್ಡದು. ಪಿಸಿಐಇ 4.0 (ಗ್ರಾಫಿಕ್ಸ್ ಕಾರ್ಡ್ ಕೂರೋ ಸ್ಲಾಟಿನ ವೇಗದ ಆವೃತ್ತಿ) ಬಗ್ಗೆ ಮಾತ್ರ ತಲೆ ಕೆಡಿಸ್ಕೋಬೇಡಿ. ಪ್ರೊಸೆಸರ್ ಕೊಟ್ರೂ ಬಿ450ರಲ್ಲಿ ಸಿಗೋದು 3.0 ಮಾತ್ರ. ಲಾಭ ಬೇರೆ ಕಡೆ ಇದೆ: 2200ಜಿ ಗ್ರಾಫಿಕ್ಸ್ ಕಾರ್ಡಿಗೆ 8 ಲೇನ್ (ಡೇಟಾ ಓಡಾಡೋ ದಾರಿ) ಮಾತ್ರ ಕೊಡ್ತಿತ್ತು, 5600 ಪೂರ್ತಿ 16 ಕೊಡುತ್ತೆ.

ವಿಆರ್‌ಎಂ. ಸಾಕೆಟ್ ಪಕ್ಕದಲ್ಲಿ ಸಾಲಾಗಿ ಕಾಣ್ತಿರೋ ಈ ಚಿಕ್ಕ ಚಿಕ್ಕ ಚೌಕಗಳು, ಪ್ರೊಸೆಸರಿಗೆ ಕರೆಂಟ್ ಹದ ಮಾಡಿ ಕೊಡೋವು. ಪೆಟ್ಟಿಗೆ ಮೇಲೆ 65 ವ್ಯಾಟ್ ಅಂತ ಬರೆದಿರೋ ಎಎಂ4 ಪ್ರೊಸೆಸರ್ ಜೋರಾಗಿ ದುಡಿಯುವಾಗ ಎಳೆಯೋದು 88 ವ್ಯಾಟ್ ತನಕ. 105 ವ್ಯಾಟಿಂದು 142ರ ತನಕ. 5600, 5700ಎಕ್ಸ್ 65ರ ಗುಂಪು, ಸಾಧಾರಣ ಬಿ450ಗೂ ಹೊರೆಯಲ್ಲ. 5800ಎಕ್ಸ್, 5900ಎಕ್ಸ್ ಹಾಕೋ ಆಸೆ ಇದ್ರೆ ವಿಆರ್‌ಎಂ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದೆಯಾ, ಪಕ್ಕದ ಪವರ್ ಕನೆಕ್ಟರ್ 8 ಪಿನ್ನಿಂದಾ 4 ಪಿನ್ನಿಂದಾ ನೋಡಿ. ಬೋಳು ವಿಆರ್‌ಎಂ, 4 ಪಿನ್ ಇರೋ ಬೋರ್ಡಲ್ಲಿ ಪಿಸಿ ಆನ್ ಏನೋ ಆಗುತ್ತೆ, ಹತ್ತು ನಿಮಿಷ ವಿಡಿಯೋ ರೆಂಡರ್ ಮಾಡಿದ್ರೆ ವಿಆರ್‌ಎಂ ಕಾದು ಪ್ರೊಸೆಸರಿನ ವೇಗ ದಿಢೀರಂತ ಕುಸಿಯುತ್ತೆ. ಎಚ್610 ಬೋರ್ಡಿಗೆ ಐ7 12700 ಹಾಕೋರಿಗೂ ಇದೇ ಎಚ್ಚರಿಕೆ. ಅದು ಹೆಸರಿಗೆ 65 ವ್ಯಾಟ್, ಬಿಟ್ರೆ 180ರ ತನಕ ಎಳೆಯುತ್ತೆ.

ಕೂಲರ್ ಲೆಕ್ಕಾನೂ ಈಗ್ಲೇ ಹಾಕ್ಕೊಳ್ಳಿ. 5600 ಡಬ್ಬಿಯಲ್ಲಿ ವ್ರೇತ್ ಸ್ಟೆಲ್ತ್ ಕೂಲರ್ ಬರುತ್ತೆ. 5700ಎಕ್ಸ್, 5700ಎಕ್ಸ್3ಡಿ ಡಬ್ಬಿಯಲ್ಲಿ ಬರಲ್ಲ, ಬೇರೆ ಕೊಳ್ಳಬೇಕು.

ಪ್ರೊಸೆಸರ್ ತೆಗೆಯೋ ಹಿಂದಿನ ದಿನ ಬಿಟ್‌ಲಾಕರ್, ಅಂದ್ರೆ ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ, ಆನ್ ಇದೆಯಾ ನೋಡಿ. ವಿಂಡೋಸ್ 11 ಹೋಮಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಅಂತ ತಾನಾಗೇ ಆನ್ ಆಗಿರಬಹುದು. ರೈಝನಲ್ಲಿ ಎಫ್‌ಟಿಪಿಎಂ (ಆ ಬೀಗದ ಕೀ ಕಾಯೋ ಭದ್ರತಾ ಭಾಗ) ಇರೋದು ಪ್ರೊಸೆಸರ್ ಒಳಗೇ, ಅದು ಬದಲಾದ್ರೆ ಬೀಗದ ಕೀನೂ ಅದರ ಜೊತೆ ಹೋಯ್ತು. ಎನ್‌ಕ್ರಿಪ್ಶನ್ ನಿಲ್ಲಿಸಿ, ಅಥವಾ 48 ಅಂಕಿಯ ರಿಕವರಿ ಕೀಯನ್ನ ಮೈಕ್ರೋಸಾಫ್ಟ್ ಅಕೌಂಟಿಂದ ತೆಗೆದು ಹಾಳೆ ಮೇಲೆ ಬರೆದಿಡಿ. ಹೊಸ ಪ್ರೊಸೆಸರ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆ ಮೇಲೆ ಎಫ್‌ಟಿಪಿಎಂ ರೀಸೆಟ್ ಮಾಡ್ಲಾ ಅಂತ ಕೇಳುತ್ತೆ, ವೈ ಅಥವಾ ಎನ್. ಕೀ ಕೈಯಲ್ಲಿದ್ರೆ ಧೈರ್ಯವಾಗಿ ವೈ ಒತ್ತಿ.

ಎಎಂ4ರಲ್ಲಿ ಪಿನ್ನಿರೋದು ಪ್ರೊಸೆಸರಿನ ಹೊಟ್ಟೆಗೆ. ಒಣಗಿದ ಥರ್ಮಲ್ ಪೇಸ್ಟ್ ಹಿಡ್ಕೊಂಡಿದ್ರೆ, ಕೂಲರ್ ಎಳೆದಾಗ ಲಿವರ್ ಲಾಕ್ ಆಗಿದ್ರೂ ಪ್ರೊಸೆಸರ್ ಕಿತ್ತು ಬರುತ್ತೆ. ಪಿನ್ ಬಗ್ಗೋದು ಇಲ್ಲೇ. ಪಿಸಿಯನ್ನ ಹದಿನೈದು ನಿಮಿಷ ಯಾವುದಾದ್ರೂ ಭಾರಿ ಕೆಲಸಕ್ಕೆ ಹಚ್ಚಿ, ಆಫ್ ಮಾಡಿ, ಪ್ಲಗ್ ತೆಗೆದು, ಪೇಸ್ಟ್ ಬಿಸಿ ಇರುವಾಗ್ಲೇ ಸ್ಕ್ರೂ ಬಿಚ್ಚಿ ಕೂಲರನ್ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಸಡಿಲ ಆಯ್ತು ಅನಿಸಿದ್ಮೇಲೆ ಮೇಲಕ್ಕೆತ್ತಿ. ಹೊಸದನ್ನ ಕೂರಿಸುವಾಗ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಬೇಕು. ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಒತ್ತಬೇಕು ಅನಿಸಿದ್ರೆ ಎಲ್ಲೋ ತಪ್ಪಾಗಿದೆ, ತೆಗೆದು ನೋಡಿ.

ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿ ಡೆಸ್ಕ್‌ಟಾಪ್ ಇರೋರಿಗೆ ಒಂದು ಮಾತು. ಅವರ ಬಯಾಸಲ್ಲಿ ಆ ಮಾಡೆಲ್ ಜೊತೆ ಮಾರಿದ ಪ್ರೊಸೆಸರ್‌ಗಳಿಗೆ ಮಾತ್ರ ಜಾಗ ಇರೋದು ಹೆಚ್ಚು. ಚಿಪ್‌ಸೆಟ್ ನೋಡಿ ಊಹೆ ಮಾಡೋದು ಬಿಟ್ಟು, ಆ ಮಾಡೆಲ್ಲಿಗೆ ಯಾವ್ಯಾವ ಪ್ರೊಸೆಸರ್ ಬರ್ತಿತ್ತು ಅಂತ ಹುಡುಕಿ. ಲೆನೊವೊದ ಕೆಲವು ಯಂತ್ರಗಳಿಂದ ತೆಗೆದ ರೈಝನ್ ಪ್ರೊ ಚಿಪ್ಪುಗಳು ಬೇರೆ ಕಂಪನಿಯ ಬೋರ್ಡಲ್ಲಿ ಏಳೋದೇ ಇಲ್ಲ, ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಅನ್ನೋ ಲಾಕ್ ಬಿದ್ದಿರುತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಿಡಿ ಚಿಪ್ ಕೊಳ್ಳೋರು ‘ಪ್ರೊ’ ಅಂತ ಕಂಡ್ರೆ ‘ನನ್ನ ಬೋರ್ಡಿನ ಕಂಪನಿಯ ಬೋರ್ಡಲ್ಲೇ ಹಾಕಿ ಆನ್ ಮಾಡಿ ತೋರಿಸಿ’ ಅಂತ ಅಂಗಡಿಯವರನ್ನ ಕೇಳಿ.

ಮೊದಲ ಸಲ ಆನ್ ಮಾಡಿದಾಗ ಎರಡು ಮೂರು ಸಲ ತಾನೇ ಆಫ್ ಆಗಿ ಆನ್ ಆದ್ರೆ ಗಾಬರಿ ಬೇಡ, ರ್‍ಯಾಮ್ ಹೊಂದಿಸ್ಕೊಳ್ತಿರುತ್ತೆ. ಐದು ನಿಮಿಷ ಆದ್ರೂ ಪರದೆ ಬರ್ಲಿಲ್ಲ ಅಂದ್ರೆ ಪ್ಲಗ್ ತೆಗೆದು, ನಾಣ್ಯದ ಹಾಗಿರೋ ಸಿಆರ್2032 ಸೆಲ್ಲನ್ನ ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಬಯಾಸ್ ಒಳಗೆ ಹೋದ್ಮೇಲೆ ಪ್ರೊಸೆಸರಿನ ಹೆಸರು ಸರಿಯಾಗಿ ಬಂತಾ ನೋಡಿ, ಎಕ್ಸ್‌ಎಂಪಿ, ಅಂದ್ರೆ ಮೆಮೊರಿಯನ್ನ ಅದರ ಪೂರ್ತಿ ವೇಗಕ್ಕೆ ಓಡಿಸೋ ಸೆಟ್ಟಿಂಗ್, ಆರಿಸಿ. ಬಯಾಸ್ ಏರಿಸಿದಾಗ ಅದು ಆಫ್ ಆಗಿರುತ್ತೆ, 3200ರ ರ್‍ಯಾಮ್ 2133ಕ್ಕೋ 2400ಕ್ಕೋ ಓಡ್ತಿರುತ್ತೆ. ಹಳೇ 2200ಜಿಯನ್ನ ಹೊಸ ಪ್ರೊಸೆಸರ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಒಂದು ತಿಂಗಳಾದ್ರೂ ಮಾರ್ಬೇಡಿ. 5600 ವಾರಂಟಿಗೆ ಹೋದ್ರೆ ಅಷ್ಟು ದಿನ ಪಿಸಿ ಓಡಿಸೋಕೆ ಅದೇ ಬೇಕು.